ಗಾಡಿ ಗೋಬಿ, ಬೋಂಡಾ, ಒಬ್ಬಟ್ಟು: ರುಚಿ ಕೆಡಿಸದೆ ಮನೆಯಲ್ಲೇ ಹಗುರವಾಗಿ ಮಾಡಿಕೊಳ್ಳುವುದು ಹೇಗೆ?

ಮೂರು ವರ್ಷದ ಹಿಂದೆ ನಮ್ಮನೆಯವರಿಗೆ ಬಿಪಿ ಇದೆ ಅಂತ ಗೊತ್ತಾಯಿತು. ಉಪ್ಪು, ಎಣ್ಣೆ ಎರಡೂ ಕಡಿಮೆ ಮಾಡಿ ಅಂದರು ಡಾಕ್ಟರು. ಮಾರನೇ ದಿನವೇ ನಾನು ಅಡುಗೆಮನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿಬಿಟ್ಟೆ. ಗೋಬಿಯನ್ನು ಹಬೆಯಲ್ಲಿ ಬೇಯಿಸಿದೆ. ದೋಸೆಗೆ ಎಣ್ಣೆ ಬಿಡುವುದನ್ನೇ ನಿಲ್ಲಿಸಿದೆ. ಒಬ್ಬಟ್ಟಿನ ಹೂರಣಕ್ಕೆ ಅರ್ಧದಷ್ಟೇ ಬೆಲ್ಲ ಹಾಕಿದೆ. ಎರಡು ವಾರ ಎಲ್ಲರೂ ಸುಮ್ನೆ ತಿಂದರು. ಮೂರನೇ ವಾರ ಮಗನ ಸ್ಕೂಲ್ ಬ್ಯಾಗಿನಲ್ಲಿ ಕೆಂಪು ಎಣ್ಣೆ ಹತ್ತಿದ ಪೇಪರ್ ಪ್ಲೇಟು ಸಿಕ್ಕಿತು. ಅಪ್ಪ ಮಗ ಇಬ್ಬರೂ ವಾಕಿಂಗ್ ಅಂತ ಹೊರಟು ಗೋಬಿ ಗಾಡಿ ಹತ್ತಿರ ನಿಲ್ಲುತ್ತಿದ್ದರು.

ತಪ್ಪು ಅವರದ್ದಲ್ಲ. ಎಣ್ಣೆ ತೆಗೆಯಲು ಹೋಗಿ ನಾನು ಗೋಬಿಯ ರುಚಿಯನ್ನೇ ತೆಗೆದುಹಾಕಿದ್ದೆ.

ಪ್ರತಿ ತಿಂಡಿಗೂ ಒಂದು ಜೀವ ಇರುತ್ತದೆ. ಗೋಬಿ ಮಂಚೂರಿಗೆ ಗರಿಗರಿ ಅಂಚು, ಹುಳಿ, ಬೆಳ್ಳುಳ್ಳಿ ಘಮ. ಬೋಂಡಾಕ್ಕೆ ಬಿಸಿಬಿಸಿ ಕಡಲೆಹಿಟ್ಟಿನ ಹೊರಪದರ. ದೋಸೆಗೆ ಕಾವಲಿಯ ಕೆಂಪು. ಅದನ್ನು ಮುಟ್ಟಿದರೆ ಮನೆಯವರು ಆ ತಿಂಡಿಯನ್ನು ಹೊರಗೆ ಹುಡುಕಿಕೊಂಡು ಹೋಗುತ್ತಾರೆ. ಜೀವವನ್ನು ಉಳಿಸಿಕೊಂಡು, ಅದರ ಜೊತೆ ಸುಮ್ನೆ ಸೇರಿಕೊಂಡಿರುವ ಎಣ್ಣೆ, ಬಣ್ಣ, ಉಪ್ಪು, ಸಕ್ಕರೆಯನ್ನು ಮಾತ್ರ ಇಳಿಸಬೇಕು. ನಾನು ಎಡವಿ ಎಡವಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಾರ ಅಳೆಯಿರಿ

ಏನನ್ನೂ ಬದಲಾಯಿಸಬೇಡಿ. ಒಗ್ಗರಣೆಗೆ ಕ್ಯಾನಿನಿಂದ ನೇರ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕಿ, ಅಷ್ಟು ಸಾಕು. ಒಂದು ದೊಡ್ಡ ಚಮಚ ಅಂದರೆ 15 ಮಿಲಿ ಎಣ್ಣೆ. ಅದರಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಸೂರ್ಯಕಾಂತಿ, ಕಡಲೆಕಾಯಿ, ಕೊಬ್ಬರಿ ಯಾವ ಎಣ್ಣೆಯಾದರೂ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ನಾನು ಪಲ್ಯಕ್ಕೆ ಎರಡು ಚಮಚ ಹಾಕುತ್ತೇನೆ ಅಂದುಕೊಂಡಿದ್ದೆ. ಅಳೆದಾಗ ನಾಲ್ಕೂವರೆ ಇತ್ತು.

ಉಪ್ಪಿಗೂ ಹಾಗೇ ಮಾಡಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚದಷ್ಟು. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಸಾಸ್, ಬಿಸ್ಕತ್ತು ಎಲ್ಲ ಸೇರಿ ಇಷ್ಟು. ಉಪ್ಪನ್ನು ಒಮ್ಮೆಲೇ ಅರ್ಧ ಮಾಡಿದರೆ ಯಾರೂ ಉಣ್ಣುವುದಿಲ್ಲ. ವಾರಕ್ಕೆ ಒಂದು ಚಿಟಿಕೆಯಂತೆ ಇಳಿಸಿ, ಸಾರಿಗೆ ಕೊನೆಯಲ್ಲಿ ನಿಂಬೆರಸ ಹಿಂಡಿ. ಹುಳಿ ಇದ್ದರೆ ನಾಲಿಗೆಗೆ ಉಪ್ಪು ಕಡಿಮೆ ಇರುವುದು ಅಷ್ಟಾಗಿ ಗೊತ್ತಾಗುವುದಿಲ್ಲ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಈಗ ನಮ್ಮನೆಯವರಿಗೆ ಹೊರಗಿನ ಸಾಂಬಾರೇ ಉಪ್ಪುಪ್ಪು ಅನ್ನಿಸುತ್ತದಂತೆ.

ಗೋಬಿ ಮಂಚೂರಿ: ಬಣ್ಣ ಬ್ಯಾಡಗಿಯಿಂದ, ಗರಿಗರಿ ಪಡ್ಡಿನ ಕಾವಲಿಯಿಂದ

ಗಾಡಿ ಗೋಬಿಯಲ್ಲಿ ನನಗೆ ಎಣ್ಣೆಗಿಂತ ಜಾಸ್ತಿ ಹೆದರಿಕೆ ಆಗುವುದು ಅದರ ಬಣ್ಣದ್ದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಬಳಸುವುದಕ್ಕೂ ಆಗಲೇ ತಡೆ ಬಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ನ ಬಣ್ಣವನ್ನೂ ನಿಷೇಧಿಸಲಾಯಿತು. ರೋಡಮೈನ್-ಬಿ ಅನ್ನುವುದು ಬಟ್ಟೆಗೆ ಹಾಕುವ ಬಣ್ಣ. ಊಟಕ್ಕೆ ಅದನ್ನು ಬಳಸುವ ಹಾಗೇ ಇಲ್ಲ. ಮನೆಯಲ್ಲಿ ಮಾಡಿದರೆ ಈ ಒಂದು ಚಿಂತೆ ಪೂರ್ತಿ ಹೋಗುತ್ತದೆ. ನಮ್ಮ ಹತ್ತಿರ ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ! ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಈ ಮೆಣಸಿನಕಾಯಿಗೆ ಖಾರ ಕಡಿಮೆ, ಕೆಂಪು ಜಾಸ್ತಿ.

ಒಂದು ಮಧ್ಯಮ ಗಾತ್ರದ ಹೂಕೋಸಿಗೆ ಲೆಕ್ಕ ಹೇಳುತ್ತೇನೆ.

1. ಆರು ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು, ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ ನುಣ್ಣಗೆ ರುಬ್ಬಿಕೊಳ್ಳಿ. ಸಿಪ್ಪೆ ತರಿತರಿ ಉಳಿದರೆ ಬಾಯಿಗೆ ಸಿಗುತ್ತದೆ, ಹಾಗಾಗಿ ಇನ್ನೊಂದು ಸುತ್ತು ಮಿಕ್ಸಿ ತಿರುಗಿಸಿ.

2. ಹೂಕೋಸನ್ನು ದೊಡ್ಡ ನೆಲ್ಲಿಕಾಯಿ ಗಾತ್ರಕ್ಕೆ ಬಿಡಿಸಿ. ಉಪ್ಪು, ಅರಿಶಿನ ಹಾಕಿದ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಬಿಡಿ, ಹುಳ ಇದ್ದರೆ ಹೊರಗೆ ಬರುತ್ತದೆ. ಆಮೇಲೆ ಕುದಿಯುವ ನೀರಿಗೆ ಹಾಕಿ ಎರಡೇ ನಿಮಿಷಕ್ಕೆ ತೆಗೆಯಿರಿ.

3. ಹತ್ತಿ ಪಂಚೆಯ ಮೇಲೆ ಹರಡಿ, ಫ್ಯಾನ್ ಕೆಳಗೆ ಅರ್ಧ ಗಂಟೆ ಬಿಡಿ. ಈ ಹಂತವನ್ನು ದಯವಿಟ್ಟು ಬಿಡಬೇಡಿ. ನನ್ನ ಮೊದಲ ನಾಲ್ಕು ಸಲದ ಗೋಬಿ ಮೆತ್ತಗಾಗಿದ್ದು ಇದೊಂದೇ ಕಾರಣಕ್ಕೆ. ಹೂವಿನ ಒಳಗೆ ನೀರು ನಿಂತಿದ್ದರೆ ಅದು ಹಬೆಯಾಗಿ ಹೊರಗೆ ಬರುತ್ತದೆ, ಹೊರಗಿನ ಹಿಟ್ಟು ಒದ್ದೆಯಾಗುತ್ತದೆ. ಒಂದು ತುಂಡು ತೆಗೆದು ಹೂವಿನ ಕಡೆಯನ್ನು ಅಂಗೈ ಮೇಲೆ ಒತ್ತಿ ನೋಡಿ. ಅಂಗೈ ತೇವ ಆದರೆ ಇನ್ನೂ ಹತ್ತು ನಿಮಿಷ ಕಾಯಿರಿ.

4. ಮೂರು ದೊಡ್ಡ ಚಮಚ ಅಕ್ಕಿಹಿಟ್ಟು, ಎರಡು ಚಮಚ ಕಾರ್ನ್‌ಫ್ಲೋರ್, ಒಂದು ಚಮಚ ಕಡಲೆಹಿಟ್ಟು, ಒಂದು ಟೀ ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಎರಡು ಟೀ ಚಮಚ ಮೆಣಸಿನಕಾಯಿ ಪೇಸ್ಟ್, ಕಾಲು ಟೀ ಚಮಚ ಉಪ್ಪು ಕಲಸಿ. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಹಿಟ್ಟು ಗೋಬಿಗೆ ತೆಳ್ಳಗೆ ಅಂಟಿಕೊಳ್ಳಬೇಕು, ಹೊದಿಕೆ ಹೊದ್ದ ಹಾಗೆ ಇರಬಾರದು. ಮೈದಾ ಬೇಡ. ಗರಿಗರಿ ಕೊಡುವುದು ಅಕ್ಕಿಹಿಟ್ಟು.

5. ಪಡ್ಡಿನ ಕಾವಲಿಯನ್ನು, ಅಂದರೆ ಕೆಲವರು ಗುಳಿಯಪ್ಪದ ಕಾವಲಿ ಅನ್ನುತ್ತಾರಲ್ಲ ಅದನ್ನು, ಚೆನ್ನಾಗಿ ಕಾಯಿಸಿ. ಒಂದೊಂದು ಗುಳಿಗೆ ಕಾಲು ಟೀ ಚಮಚ ಎಣ್ಣೆ ಬಿಟ್ಟು ಒಂದೊಂದು ತುಂಡು ಇಡಿ. ಮಧ್ಯಮ ಉರಿಯಲ್ಲಿ ಮೂರು ನಿಮಿಷ ಮುಚ್ಚಿ. ತಿರುಗಿಸಿದ ಮೇಲೆ ಮುಚ್ಚಳ ಇಡಬೇಡಿ. ಇನ್ನೂ ನಾಲ್ಕೈದು ನಿಮಿಷ, ಎಲ್ಲ ಕಡೆ ತಿರುಗಿಸುತ್ತಾ ಕೆಂಪಗೆ ಮಾಡಿ.

ಈ ಕಾವಲಿಯ ಉಪಾಯ ಹೊಳೆದಿದ್ದು ನಮ್ಮ ಅತ್ತೆಗೆ. "ಬಾಣಲೆ ತುಂಬ ಎಣ್ಣೆ ಯಾಕಮ್ಮಾ, ಗುಳೀಲಿ ಇಟ್ಟು ನೋಡು" ಅಂದರು. ಗುಳಿಯ ಗುಂಡು ಗೋಡೆ ತುಂಡಿನ ಸುತ್ತಲೂ ತಾಗುತ್ತದೆ, ತಳದ ಚೂರು ಎಣ್ಣೆಯಲ್ಲೇ ಸುತ್ತ ಕೆಂಪಾಗುತ್ತದೆ. ಇಡೀ ಹೂಕೋಸು ಮೂರು ದೊಡ್ಡ ಚಮಚದೊಳಗೆ ಮುಗಿಯುತ್ತದೆ. ಬಾಣಲೆಯಲ್ಲಾದರೆ ಅರ್ಧ ಲೀಟರ್ ಸುರಿಯಬೇಕು, ಉಳಿದ ಎಣ್ಣೆಯನ್ನು ಏನು ಮಾಡುವುದು ಅನ್ನುವ ಯೋಚನೆ ಬೇರೆ. ಏರ್ ಫ್ರೈಯರ್ ಇರುವವರು 200 ಡಿಗ್ರಿಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ ಇಡಬಹುದು, ಮಧ್ಯೆ ಒಮ್ಮೆ ಅಲ್ಲಾಡಿಸಿ. ಆದರೆ ಹಿಟ್ಟು ಹಚ್ಚಿದ ಮೇಲೆ ಎರಡು ಚಮಚ ಎಣ್ಣೆ ಸವರಿಯೇ ಇಡಿ. ಎಣ್ಣೆಯೇ ಇಲ್ಲದಿದ್ದರೆ ಅಕ್ಕಿಹಿಟ್ಟು ಬೆಳ್ಳಗೆ, ಪುಡಿಪುಡಿಯಾಗಿ ಉಳಿಯುತ್ತದೆ.

ಇನ್ನು ಮಸಾಲೆ. ಬಾಣಲೆಯಲ್ಲಿ ಎರಡು ಟೀ ಚಮಚ ಎಣ್ಣೆ. ಎಂಟು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಎರಡು ಹಸಿಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಹಾಕಿ. ಬೆಳ್ಳುಳ್ಳಿ ಅಂಚು ಹೊಂಬಣ್ಣಕ್ಕೆ ತಿರುಗಿದಾಗ ಉರಿ ಸಣ್ಣ ಮಾಡಿ, ಉಳಿದ ಮೆಣಸಿನಕಾಯಿ ಪೇಸ್ಟ್ ಹಾಕಿ. ಇಲ್ಲಿ ಒಂದು ನಿಮಿಷ ನಿಂತು ನೋಡಿ. ಮೆಣಸಿನಕಾಯಿಯ ಕೆಂಪು ನೀರಿಗಿಂತ ಎಣ್ಣೆಯಲ್ಲೇ ಚೆನ್ನಾಗಿ ಬಿಡುತ್ತದೆ. ಪೇಸ್ಟಿನ ಅಂಚಿನಿಂದ ಕೆಂಪು ಎಣ್ಣೆ ನಿಧಾನವಾಗಿ ಹೊರಗೆ ಬರುತ್ತದೆ. ಆ ಬಣ್ಣ ನೋಡಿದರೆ ಡಬ್ಬಿಯ ಬಣ್ಣ ಯಾಕೆ ಬೇಕು ಅನ್ನಿಸುತ್ತದೆ. ಉರಿ ದೊಡ್ಡದಿದ್ದರೆ ಪೇಸ್ಟ್ ಕಪ್ಪಾಗಿ ಕಹಿ ಆಗುತ್ತದೆ, ಹುಷಾರು.

ಆಮೇಲೆ ಒಂದು ಈರುಳ್ಳಿ, ಅರ್ಧ ದಪ್ಪ ಮೆಣಸಿನಕಾಯಿ, ಎರಡು ಟೊಮೆಟೊ ರುಬ್ಬಿದ್ದು. ಬಾಟಲಿಯ ಕೆಚಪ್ ಬೇಡ, ಅದರಲ್ಲಿ ಸಕ್ಕರೆ, ಉಪ್ಪು ಎರಡೂ ಸೇರಿರುತ್ತವೆ. ಟೊಮೆಟೊ ಹಸಿವಾಸನೆ ಹೋದ ಮೇಲೆ ಒಂದೇ ಟೀ ಚಮಚ ಸೋಯಾ ಸಾಸ್. ಸೋಯಾ ಸಾಸ್ ಅಂದರೆ ಬಹುಪಾಲು ಉಪ್ಪುನೀರೇ, ಹಾಗಾಗಿ ಮಸಾಲೆಗೆ ಬೇರೆ ಉಪ್ಪು ಹಾಕುವುದೇ ಬೇಡ. ಒಲೆ ಆರಿಸಿ ನಿಂಬೆರಸ ಹಿಂಡಿ, ಗೋಬಿ ಹಾಕಿ, ಎರಡು ಸಲ ಎತ್ತಿ ಹಾಕಿ, ಈರುಳ್ಳಿ ಸೊಪ್ಪು ಉದುರಿಸಿ. ಎಲ್ಲರೂ ಕೂತ ಮೇಲೆಯೇ ಗೋಬಿಯನ್ನು ಮಸಾಲೆಗೆ ಸೇರಿಸಿ. ಹತ್ತು ನಿಮಿಷ ಬಿಟ್ಟರೆ ಗರಿಗರಿ ಹೋಗುತ್ತದೆ.

ಮೊದಲ ತಟ್ಟೆ ಖಾಲಿ ಮಾಡಿದ ಮಗ "ಅಮ್ಮಾ, ಗಾಡಿಯದ್ದರ ಹಾಗೆ ಇಲ್ಲ, ಆದರೆ ಇದೂ ಬೇಕು" ಅಂದ. ನನಗೆ ಅಷ್ಟು ಸಾಕಾಯಿತು.

ಬೋಂಡಾಕ್ಕೂ ಅದೇ ಕಾವಲಿ

ಆಲೂ ಬೋಂಡಾದ ಒಳಗಿನ ಪಲ್ಯದಲ್ಲಿ ಮೂರನೇ ಒಂದು ಪಾಲು ತರಕಾರಿ ಸೇರಿಸಿ. ತುರಿದ ಕ್ಯಾರೆಟ್, ಬಟಾಣಿ, ಸಣ್ಣಗೆ ಹೆಚ್ಚಿದ ಬೀನ್ಸ್ ಯಾವುದಾದರೂ ಆಗುತ್ತದೆ. ಹೊರಗಿನ ಹಿಟ್ಟಿಗೆ ಒಂದು ಕಪ್ ಕಡಲೆಹಿಟ್ಟು, ಎರಡು ಚಮಚ ಅಕ್ಕಿಹಿಟ್ಟು, ಅರ್ಧ ಟೀ ಚಮಚ ಓಂಕಾಳು, ಅಚ್ಚಖಾರದ ಪುಡಿ, ಕಾಲು ಟೀ ಚಮಚ ಉಪ್ಪು. ಅಡುಗೆ ಸೋಡಾ ಬೇಡ. ಸೋಡಾದಲ್ಲೂ ಸೋಡಿಯಂ ಇದೆ, ಬಿಪಿ ಇರುವವರಿಗೆ ಅದೂ ಲೆಕ್ಕಕ್ಕೆ ಬರುತ್ತದೆ. ಅದರ ಬದಲು ಹಿಟ್ಟನ್ನು ಕೈಯಲ್ಲಿ ಐದು ನಿಮಿಷ ಚೆನ್ನಾಗಿ ಬೀಸಿ ಕಲಸಿ. ಒಂದು ಹನಿಯನ್ನು ಬಟ್ಟಲಿನ ನೀರಿಗೆ ಬಿಟ್ಟು ನೋಡಿ, ತೇಲಿದರೆ ಹಿಟ್ಟು ಹದಕ್ಕೆ ಬಂದಿದೆ ಅಂತ.

ಹಿಟ್ಟು ಬಾಣಲೆಯ ಬೋಂಡಾಕ್ಕಿಂತ ತುಸು ಗಟ್ಟಿ ಇರಲಿ, ನೀರಾದರೆ ಗುಳಿಯೊಳಗೆ ಇಳಿದು ತಳದಲ್ಲಿ ಕೂರುತ್ತದೆ. ನಿಂಬೆ ಗಾತ್ರದ ಉಂಡೆ ಅದ್ದಿ, ಎಣ್ಣೆ ಕಾದ ಗುಳಿಗೆ ಇಡಿ. "ಚುಂಯ್" ಅನ್ನಬೇಕು. ಅನ್ನದಿದ್ದರೆ ಕಾವಲಿ ಇನ್ನೂ ಕಾದಿಲ್ಲ.

ಎಲ್ಲ ಬೋಂಡಾವೂ ಹೀಗೆ ಆಗುವುದಿಲ್ಲ. ಗೋಳಿಬಜೆಯನ್ನು ನಾನು ಮೂರು ಸಲ ಗುಳಿಯಲ್ಲಿ ಮಾಡಿ ನೋಡಿದೆ. ಹುಳಿಮೊಸರಿನ ಪಡ್ಡು ಆಯಿತು, ತಿನ್ನಲು ಚೆನ್ನಾಗಿತ್ತು, ಆದರೆ ಅದು ಗೋಳಿಬಜೆ ಅಲ್ಲ. ಆ ಒಳಗಿನ ಜಾಲಿ ಜಾಲಿ ಮೆತ್ತಗಿನ ತಿರುಳು ಎಣ್ಣೆಯಲ್ಲಿ ಮುಳುಗಿದರೆ ಮಾತ್ರ ಬರುತ್ತದೆ. ಅದನ್ನು ಎರಡು ತಿಂಗಳಿಗೊಮ್ಮೆ ಎಣ್ಣೆಯಲ್ಲೇ ಕರಿಯುತ್ತೇನೆ, ಸಣ್ಣ ಬಾಣಲೆಯಲ್ಲಿ, ಕಡಿಮೆ ಎಣ್ಣೆ ಹಾಕಿ, ನಾಲ್ಕು ನಾಲ್ಕೇ ಬಿಟ್ಟು.

ಕರಿದ ಎಣ್ಣೆ ಉಳಿದರೆ ಸೋಸಿ, ಎರಡು ದಿನದೊಳಗೆ ಒಗ್ಗರಣೆಗೆ ಬಳಸಿ ಮುಗಿಸಿ. ಮತ್ತೆ ಕರಿಯಲು ಇಡಬೇಡಿ, ಹಳೆಯದಕ್ಕೆ ಹೊಸ ಎಣ್ಣೆ ಸುರಿಯಬೇಡಿ. ಪದೇ ಪದೇ ಕಾದ ಎಣ್ಣೆಯಲ್ಲಿ ಬೇಡದ ಪದಾರ್ಥಗಳು ಕೂಡಿಕೊಳ್ಳುತ್ತವೆ. ಹೋಟೆಲಿನವರಿಗೆ ಇದಕ್ಕೆ ಕಾನೂನೇ ಇದೆ. 2018ರ ಜುಲೈನಿಂದ, ಎಣ್ಣೆಯಲ್ಲಿ ಪೋಲಾರ್ ಕಾಂಪೌಂಡ್ ಅನ್ನುವ ಅಂಶ ಶೇ. 25 ದಾಟಿದರೆ ಆ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ಮನೆಯಲ್ಲಿ ಅಳೆಯುವ ಯಂತ್ರ ಇರುವುದಿಲ್ಲ. ಬಣ್ಣ ಕಪ್ಪಾದರೆ, ಜಿಗುಟಾದರೆ, ಬೇಗ ಹೊಗೆ ಎದ್ದರೆ, ನೊರೆ ಬಂದರೆ ಚೆಲ್ಲಿಬಿಡಿ.

ದೋಸೆ

ಮನೆ ದೋಸೆ ಮೊದಲೇ ಹಗುರ, ಇಲ್ಲಿ ಜಾಸ್ತಿ ಮಾಡಬೇಕಾದ್ದಿಲ್ಲ. ಮೂರು ಕಪ್ ಅಕ್ಕಿಯಲ್ಲಿ ಒಂದು ಕಪ್ ತೆಗೆದು ನವಣೆ ಹಾಕಿ. ಒಂದು ಕಪ್ ಉದ್ದಿನಬೇಳೆ, ಒಂದು ಟೀ ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ ಎಂದಿನ ಹಾಗೆಯೇ. ನವಣೆ ಹಾಕಿದರೂ ದೋಸೆ ಕೆಂಪಗೆ ಗರಿಗರಿ ಬರುತ್ತದೆ. ರಾಗಿ ಹಾಕಿದರೆ ಮೆತ್ತಗಾಗುತ್ತದೆ, ಹಾಗಾಗಿ ರಾಗಿಯನ್ನು ಸೆಟ್ ದೋಸೆಗೆ ಇಟ್ಟುಕೊಳ್ಳಿ. ಬೆಳೆಯುವ ಮಕ್ಕಳಿಗೆ ರಾಗಿ ತಪ್ಪದೆ ಕೊಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂನಷ್ಟೂ ಸಿಗುವುದಿಲ್ಲ.

ಕಬ್ಬಿಣದ ಕಾವಲಿ ಇರಲಿ. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿಗೆ ಉಜ್ಜಿ, ದೋಸೆ ಹಾಕಿದ ಮೇಲೆ ಅಂಚಿಗೆ ಅರ್ಧ ಟೀ ಚಮಚ ಬಿಡಿ. ಈ ಅರ್ಧ ಚಮಚ ಬಿಡಲೇಬೇಕು, ಇಲ್ಲದಿದ್ದರೆ ದೋಸೆ ಒಣಗುತ್ತದೆ. ಮಸಾಲೆ ದೋಸೆಯ ಪಲ್ಯದಲ್ಲಿ ಅರ್ಧ ಆಲೂಗಡ್ಡೆ, ಅರ್ಧ ಈರುಳ್ಳಿ ಇಟ್ಟರೆ ರುಚಿ ಹೆಚ್ಚೇ ಆಗುತ್ತದೆ.

ಬೆಣ್ಣೆ ದೋಸೆಯನ್ನು ಮಾತ್ರ ಹಗುರ ಮಾಡಲು ಹೋಗಬೇಡಿ. ಅದಕ್ಕೆ ಬೆಣ್ಣೆಯೇ ಜೀವ. ದಾವಣಗೆರೆಗೆ ಹೋದಾಗ ಅಲ್ಲೇ ಕೂತು, ಒಂದು ತಿಂದು, ಖುಷಿಯಾಗಿ ಎದ್ದು ಬನ್ನಿ.

ಸಿಹಿ: ಬೆಲ್ಲವೂ ಸಕ್ಕರೆಯೇ

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. "ನಾನು ಬೆಲ್ಲ ಹಾಕಿದ್ದೀನಿ, ಶುಗರ್ ಇರೋರೂ ತಿನ್ಬಹುದು" ಅಂತ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ದಯವಿಟ್ಟು ಹಾಗೆ ಹೇಳಿ ಯಾರಿಗೂ ಬಡಿಸಬೇಡಿ. ಬೆಲ್ಲದಲ್ಲಿ ಚೂರು ಕಬ್ಬಿಣ, ಖನಿಜ ಇರುವುದು ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ, ಕ್ಯಾಲೊರಿಯೂ ಹೆಚ್ಚುಕಡಿಮೆ ಅಷ್ಟೇ, ರಕ್ತದಲ್ಲಿ ಸಕ್ಕರೆಯನ್ನೂ ಏರಿಸುತ್ತದೆ. ಘಮಕ್ಕಾಗಿ ಬೆಲ್ಲ ಹಾಕಿ, ಆದರೆ ಕಡಿಮೆ ಹಾಕಿ.

ಕಡಿಮೆ ಹಾಕಿಯೂ ಸಿಹಿ ಅನ್ನಿಸಬೇಕಾದರೆ ಘಮ ಹೆಚ್ಚಿಸಬೇಕು. ಒಬ್ಬಟ್ಟಿಗೆ ನಾವು ಒಂದು ಕಪ್ ಕಡಲೆಬೇಳೆಗೆ ಒಂದು ಕಪ್ ಬೆಲ್ಲ ಹಾಕುತ್ತಿದ್ದೆವು. ಈಗ ಮುಕ್ಕಾಲು ಕಪ್. ಅದರ ಜೊತೆಗೆ ಕಾಲು ಕಪ್ ಕಾಯಿತುರಿ, ಆಗತಾನೆ ಕುಟ್ಟಿದ ಏಲಕ್ಕಿ, ಚೂರು ಜಾಯಿಕಾಯಿ, ಚಿಟಿಕೆ ಒಣಶುಂಠಿ, ಎರಡು ಹರಳು ಉಪ್ಪು. ಈ ಉಪ್ಪು ಸಿಹಿಯನ್ನು ಎತ್ತಿ ತೋರಿಸುತ್ತದೆ. ಏಲಕ್ಕಿಯನ್ನು ಹೂರಣ ಒಲೆಯಿಂದ ಇಳಿಸಿದ ಮೇಲೆಯೇ ಹಾಕಿ, ಕುದಿಯುವಾಗ ಹಾಕಿದರೆ ಘಮ ಅಡುಗೆಮನೆಗೆ ಹೋಗುತ್ತದೆ, ಒಬ್ಬಟ್ಟಿಗೆ ಉಳಿಯುವುದಿಲ್ಲ. ಅರ್ಧ ಕಪ್‌ಗೆ ಇಳಿಸಿ ನೋಡಿದ್ದೇನೆ, ಹೂರಣ ಉದುರುದುರಾಗಿ ಲಟ್ಟಿಸುವಾಗ ಒಡೆಯುತ್ತದೆ. ಮುಕ್ಕಾಲೇ ಸರಿ.

ಕಣಕಕ್ಕೆ ಅರ್ಧ ಮೈದಾ, ಅರ್ಧ ಗೋಧಿಹಿಟ್ಟು ಜರಡಿ ಹಿಡಿದು ಕಲಸಿ. ಗೋಧಿ ಸೇರಿದರೆ ಕಣಕ ಬಿಗಿಯಾಗುತ್ತದೆ, ಹಾಗಾಗಿ ತುಸು ನೀರು ಜಾಸ್ತಿ ಹಾಕಿ ಎರಡು ಗಂಟೆ ನೆನೆಯಲು ಬಿಡಿ. ಎಳೆದರೆ ರಬ್ಬರಿನ ಹಾಗೆ ಹಿಂದಕ್ಕೆ ಹೋಗದೆ ನಿಂತಲ್ಲೇ ನಿಂತರೆ ಹದ ಬಂದಿದೆ. ತುಪ್ಪವನ್ನು ಬೇಯಿಸುವಾಗ ಸುರಿಯಬೇಡಿ. ತಟ್ಟೆಗೆ ಬಂದ ಬಿಸಿ ಒಬ್ಬಟ್ಟಿನ ಮೇಲೆ ಒಂದು ಟೀ ಚಮಚ ಬಿಟ್ಟರೆ ನಾಲಿಗೆಗೆ ಪೂರ್ತಿ ತುಪ್ಪದ ರುಚಿಯೇ ಸಿಗುತ್ತದೆ. ಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲಬೇಡಿ ಅಂತ ಹೇಳುವ ಅಗತ್ಯವೇ ಇಲ್ಲ, ಒಬ್ಬಟ್ಟಿನ ಸಾರು ಇಲ್ಲದೆ ಹಬ್ಬ ಎಲ್ಲಿ?

ಕೇಸರಿಬಾತಿಗೆ ಒಂದು ಲೋಟ ರವೆಗೆ ಎರಡು ಲೋಟ ಸಕ್ಕರೆ ಹಾಕುವ ಮನೆಗಳಿವೆ. ಒಂದಕ್ಕೆ ಒಂದು ಹಾಕಿ, ಸಣ್ಣಗೆ ಹೆಚ್ಚಿದ ಅನಾನಸ್ ಸೇರಿಸಿ. ಬಣ್ಣದ ಪುಡಿಯ ಬದಲು ಬೆಚ್ಚಗಿನ ಹಾಲಲ್ಲಿ ನೆನೆಸಿದ ಕೇಸರಿ ದಳ ಹಾಕಿ.

ಮೈಸೂರು ಪಾಕ್? ಅದನ್ನು ಮುಟ್ಟಬೇಡಿ. ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿತು ಅಂತ ಹೇಳುವ ಆ ಸಿಹಿ ಕಡಲೆಹಿಟ್ಟು, ಸಕ್ಕರೆ, ತುಪ್ಪ ಈ ಮೂರರಿಂದಲೇ ಆಗಿದ್ದು. ತುಪ್ಪ ಕಡಿಮೆ ಮಾಡಿದರೆ ಅದು ಕಲ್ಲಾಗುತ್ತದೆ. ಅಳತೆಯನ್ನು ಹಾಗೇ ಇಟ್ಟು ತುಂಡನ್ನು ಚಿಕ್ಕದು ಮಾಡಿ. ನಾನು ಎರಡು ಬೆರಳಗಲದ ತುಂಡುಗಳಾಗಿ ಕತ್ತರಿಸಿ, ಮಾಡಿದ ದಿನವೇ ಅರ್ಧ ಪಕ್ಕದ ಮನೆಗಳಿಗೆ ಕೊಟ್ಟುಬಿಡುತ್ತೇನೆ. ಡಬ್ಬದಲ್ಲಿದ್ದರೆ ರಾತ್ರಿ ಹತ್ತಕ್ಕೂ ಕೈ ಹೋಗುತ್ತದೆ.

ಸಂಜೆ ನಾಲ್ಕರ ಕುರುಕಲು

ದೊಡ್ಡ ತಿಂಡಿಗಳಿಗಿಂತ ಜಾಸ್ತಿ ಎಣ್ಣೆ, ಉಪ್ಪು ಹೊಟ್ಟೆಗೆ ಹೋಗುವುದು ಈ ಹೊತ್ತಿನಲ್ಲೇ. ಚಿಪ್ಸ್ ಪ್ಯಾಕೆಟ್ ಒಡೆಯುವ ಬದಲು ಅವಲಕ್ಕಿ ಚೂಡಾ ಮಾಡಿಟ್ಟುಕೊಳ್ಳಿ, ಅರ್ಧ ಗಂಟೆ ಸಾಕು.

ಕಾಲು ಕೆಜಿ ಪೇಪರ್ ಅವಲಕ್ಕಿಯನ್ನು ಒಂದು ಗಂಟೆ ಬಿಸಿಲಿಗೆ ಹರಡಿ. ಅಗಲ ಬಾಣಲೆಯಲ್ಲಿ ಎಣ್ಣೆ ಇಲ್ಲದೆ, ಸಣ್ಣ ಉರಿಯಲ್ಲಿ, ಎರಡು ಕಂತಲ್ಲಿ ಹುರಿಯಿರಿ. ಸೌಟಿನಿಂದ ಕಲಕಿದರೆ ಪುಡಿಯಾಗುತ್ತದೆ, ಬಾಣಲೆಯ ಕಿವಿ ಹಿಡಿದು ಅಲ್ಲಾಡಿಸಿ. ಒಂದು ಎಸಳನ್ನು ಬೆರಳಲ್ಲಿ ಒತ್ತಿದರೆ "ಚಟ್" ಅಂತ ಮುರಿಯಬೇಕು, ಬಾಗಬಾರದು. ಬೇರೆ ಪಾತ್ರೆಗೆ ತೆಗೆದು, ಅದೇ ಬಾಣಲೆಗೆ ಎರಡು ದೊಡ್ಡ ಚಮಚ ಎಣ್ಣೆ ಬಿಟ್ಟು ಒಂದು ಹಿಡಿ ಕಡಲೆಕಾಯಿ ಬೀಜ ಹುರಿಯಿರಿ. ಬೀಜದ ಸಿಪ್ಪೆ ಸೀಳು ಬಿಟ್ಟಾಗ ಹುರಿಗಡಲೆ, ಎರಡು ಹಿಡಿ ಕರಿಬೇವು, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ. ಕರಿಬೇವು, ಬೆಳ್ಳುಳ್ಳಿ ಎರಡೂ ಪೂರ್ತಿ ಗರಿಯಾಗಬೇಕು, ಚೂರು ಹಸಿ ಉಳಿದರೂ ಇಡೀ ಚೂಡಾ ಮೆತ್ತಗಾಗುತ್ತದೆ. ಒಲೆ ಆರಿಸಿ ಅರಿಶಿನ, ಬ್ಯಾಡಗಿ ಖಾರದ ಪುಡಿ, ಅರ್ಧ ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಸಕ್ಕರೆ, ಸ್ವಲ್ಪ ಆಮ್‌ಚೂರ್ ಹಾಕಿ, ಅವಲಕ್ಕಿ ಸುರಿದು ಎರಡು ಕೈಯಲ್ಲಿ ಹಗುರವಾಗಿ ಬೆರೆಸಿ.

ಪೂರ್ತಿ ತಣ್ಣಗಾಗುವವರೆಗೆ ಡಬ್ಬ ಮುಚ್ಚಬೇಡಿ. ಸ್ಟೀಲ್ ಡಬ್ಬದಲ್ಲಿ ಹತ್ತು ಹನ್ನೆರಡು ದಿನ ಗರಿಗರಿ ಇರುತ್ತದೆ. ಮಳೆಗಾಲದಲ್ಲಿ ಮೆತ್ತಗಾದರೆ ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿ. ಡಬ್ಬವನ್ನು ಮಕ್ಕಳ ಕೈಗೆ ಸಿಗುವ ಎತ್ತರದಲ್ಲೇ ಇಡಿ, ಪಕ್ಕದಲ್ಲಿ ಒಂದು ಸಣ್ಣ ಬಟ್ಟಲೂ ಇರಲಿ. ತಿನ್ನುವ ಹೊತ್ತಿಗೆ ಹೆಚ್ಚಿದ ಈರುಳ್ಳಿ, ಸೌತೆಕಾಯಿ, ಕೊತ್ತಂಬರಿ ಸೊಪ್ಪು ಉದುರಿಸಿ ಅರ್ಧ ಹೋಳು ನಿಂಬೆ ಹಿಂಡಿಕೊಟ್ಟರೆ ನಮ್ಮ ಮಗ ಎರಡನೇ ಬಟ್ಟಲು ಕೇಳುತ್ತಾನೆ.